ಹದಿನೇಳನೇ ಜೋಡಿ

ಈ ಜನವರಿ ಹದಿನೆಂಟರ ಮಧ್ಯಾಹ್ನ ಮೂರು ಐವತ್ತಕ್ಕೆ, ಪುದುಚೇರಿಯ ರೈಲ್ವೆ ಸ್ಟೇಷನ್ನಿಗೆ ಹತ್ತಿರವಿರುವ ಹಳೆಯ ಚರ್ಚಿನ ಮುಂದೆ ನಿಂತಿದ್ದ ಬಸ್ಸಿನೊಳಗೆ, ಒಂಬತ್ತನೇ ತರಗತಿಯ ಹರ್ಷಿತಾಳ ಕೆನ್ನೆಗೆ ಹೊಡೆದೆ. ಗೌರಿಬಿದನೂರಿನ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡಲು ಸೇರಿ ಮೂರು ವರ್ಷವಾಯಿತು. ಅದುವರೆಗೆ ಒಂದು ಮಗುವಿನ ಮೇಲೂ ಕೈ ಮಾಡಿರಲಿಲ್ಲ. ಡೈರಿಯ ಕೊನೆಯ ಪುಟದಲ್ಲಿ ಅದಕ್ಕೂ ಒಂದು ಲೆಕ್ಕ ಇಟ್ಟಿದ್ದೆ: ಸೊನ್ನೆ.

ಶಾಲೆಯ ಪ್ರವಾಸ ಅದು. ಹೊರಡುವ ಮುಂಚೆ ಹಾಜರಿ ಕೂಗುತ್ತಿದ್ದೆ. ಮೂವತ್ತೆಂಟು ಮಕ್ಕಳು. "ಚೈತ್ರಾ" ಅಂದಾಗ "ಪ್ರೆಸೆಂಟ್ ಮಿಸ್" ಎಂದು ಉತ್ತರ ಬಂತು. ಆದರೆ ಉತ್ತರ ಬಂದದ್ದು ಚೈತ್ರಾಳ ಸೀಟಿನಿಂದಲ್ಲ. ತಲೆ ಎತ್ತಿ ನೋಡಿದೆ. ಹರ್ಷಿತಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹೋಗಿ ಹೊಡೆದೆ.

"ಮಿಸ್, ಅಲ್ಲೇ ಅವ್ಳೆ ನೋಡಿ ಮಿಸ್" ಎಂದು ಅವಳು ಅಳುತ್ತಲೇ ಕಿಟಕಿಯ ಹೊರಗೆ ತೋರಿಸಿದಳು. "ಮಾವಿನ್‌ಕಾಯಿಗೆ ಉಪ್ಪು ಖಾರ ಹಾಕಿಸ್ಕೊತವ್ಳೆ. ಬರ್ತಾ ಅವ್ಳೆ ಮಿಸ್."

ನಿಜ. ಚೈತ್ರಾ ಹತ್ತು ಹೆಜ್ಜೆ ದೂರದಲ್ಲಿ, ತಳ್ಳುಗಾಡಿಯ ಮುಂದೆ ನಿಂತಿದ್ದಳು. ಜೊತೆಗೆ ಬಂದಿದ್ದ ಕನ್ನಡ ಮೇಡಂ ನನ್ನ ತೋಳು ಹಿಡಿದು, "ಯಾಕ್ರೀ ಪವಿತ್ರಾ, ಇಷ್ಟಕ್ಕೆಲ್ಲ ಹೊಡೀತಾರಾ?" ಅಂದರು. ತಲೆನೋವು ಅಂದೆ. ಆಮೇಲೆ ಗೌರಿಬಿದನೂರು ತಲುಪುವವರೆಗೆ ನಾಲ್ಕು ಸಲ ಹಾಜರಿ ಕೂಗಿದೆ. ನಾಲ್ಕು ಸಲವೂ ಹರ್ಷಿತಾ ತನ್ನ ಹೆಸರಿಗೆ ಉತ್ತರ ಕೊಡಲಿಲ್ಲ. ನಾಲ್ಕು ಸಲವೂ ನಾನೇ ಎದ್ದು ಅವಳ ಸೀಟಿನವರೆಗೆ ಹೋಗಿ, ಇದ್ದಾಳೆ ಎಂದು ನೋಡಿ ಬಂದೆ.

ಆ ಚರ್ಚಿಗೆ ನಾನು ಅದಕ್ಕೂ ಮುಂಚೆ ಹೋಗಿದ್ದು ಒಂದೇ ಸಲ, ಏಳು ವರ್ಷದ ಹಿಂದೆ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿ. ಒಳಗೆ ಈಗಲೂ ಅದೇ ವಾಸನೆ: ಕರಗಿದ ಮೇಣ, ಉಪ್ಪುಗಾಳಿಗೆ ಹಸಿ ಹಿಡಿದ ಗೋಡೆ, ಜನ ಕೂತು ಕೂತು ನುಣುಪಾದ ಬೆಂಚಿನ ಮರ. ಮಕ್ಕಳನ್ನು ಒಳಗೆ ಬಿಟ್ಟು ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಮೊದಲನೇ ಬೆಂಚಿನವರೆಗೆ ಹೋಗಲು ಆಗಲಿಲ್ಲ.

ಆ ವರ್ಷ ನಾನು ಮಂಚೇನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಗೌರಿಬಿದನೂರಿನಿಂದ ಬರುವ ಬಸ್ಸು ನಮ್ಮೂರಿಗೆ ಬರುವ ಹೊತ್ತಿಗೆ ತುಂಬಿರುತ್ತಿತ್ತು. ಕೆಲವು ದಿನ ಡ್ರೈವರ್ ನಿಲ್ಲಿಸುತ್ತಲೇ ಇರಲಿಲ್ಲ. ಆಷಾಢದ ಗಾಳಿಯಲ್ಲಿ ಮುಖಕ್ಕೆಲ್ಲ ಧೂಳು ಮೆತ್ತಿಸಿಕೊಂಡು ಮುಂದಿನ ಬಸ್ಸಿಗೆ ಕಾಯಬೇಕಿತ್ತು. ಮೊದಲ ಪೀರಿಯಡ್ಡು ಒಂಬತ್ತೂವರೆಗೆ, ಬಾಟನಿ. ಬಾಟನಿ ಸಾರ್ ತಲೆ ಎತ್ತದೆ ನಂಬರು ಕೂಗುವವರು. ಮೂವತ್ತಮೂರು ಅಂದರೆ ನಾನು. ನಲವತ್ತೊಂದು ಅಂದರೆ ಸುಜಾತ.

ಸುಜಾತ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯವಳು. ಚಿಕ್ಕಬಳ್ಳಾಪುರದಲ್ಲೇ ಸರ್ಕಾರಿ ಹಾಸ್ಟೆಲಿನಲ್ಲಿದ್ದಳು. ಅವಳ ಅಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬಿಚ್ಚುವ ಫಿಲೇಚರಿನಲ್ಲಿ ಕೆಲಸ ಮಾಡುತ್ತಿದ್ದರು, ವಾರಕ್ಕೊಮ್ಮೆ ಊರಿಗೆ ಹೋಗುವರು. ಮನೆಯಲ್ಲಿ ದೇವರ ಪಟಗಳಿಲ್ಲ, ಬುದ್ಧನ ಒಂದು ಪಟವಿದೆ ಎಂದು ಅವಳೇ ಹೇಳಿದ್ದಳು. ಮೊದಲ ನಾಲ್ಕು ಸೆಮಿಸ್ಟರಿನಲ್ಲಿ ಅವಳು ಮೊದಲು, ನಾನು ಎರಡನೆಯವಳು. ವ್ಯತ್ಯಾಸಗಳನ್ನೂ ಬರೆದಿಟ್ಟಿದ್ದೇನೆ: ಹನ್ನೊಂದು, ಒಂಬತ್ತು, ಹದಿನಾಲ್ಕು, ಆರು.

ಬಸ್ಸು ತಪ್ಪಿದ ದಿನ ನನ್ನ ನಂಬರಿಗೆ ಅವಳು ಉತ್ತರ ಕೊಡುತ್ತಿದ್ದಳು. ತನ್ನದಕ್ಕೆ "ಪ್ರೆಸೆಂಟ್ ಸಾರ್" ಎಂದು ಗಟ್ಟಿಯಾಗಿ, ನನ್ನದಕ್ಕೆ "ಎಸ್ಸಾರ್" ಎಂದು ಮೂಗಿನಲ್ಲಿ.

"ನಾನು ಹಂಗಾ ಮಾತಾಡೋದು?" ಎಂದು ಜಗಳ ತೆಗೆದಿದ್ದೆ ಒಮ್ಮೆ.

"ಇನ್ನೂ ಕೆಟ್ಟದಾಗಿ ಮಾತಾಡ್ತೀಯ. ನಾನೇ ಒಸಿ ಚೆಂದ ಮಾಡಿ ಹೇಳ್ತಿದೀನಿ ಕಣೇ."

ಶೇಕಡಾ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಅವಳು ಉತ್ತರ ಕೊಟ್ಟ ಪ್ರತಿ ದಿನದ ಪುಟದ ಮೂಲೆಯಲ್ಲಿ 'ಸು' ಎಂದು ಬರೆಯುತ್ತಿದ್ದೆ. ಜುಲೈ ಒಂಬತ್ತರಿಂದ ಡಿಸೆಂಬರ್ ಇಪ್ಪತ್ತರವರೆಗೆ ಮೂವತ್ತೊಂದು 'ಸು'. ಅಷ್ಟೂ ಕಳೆದರೆ ನನ್ನ ಹಾಜರಿ ಅರವತ್ತೆಂಟು.

ಡಿಸೆಂಬರ್ ಇಪ್ಪತ್ತಮೂರು, ಭಾನುವಾರ, ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಹೋದೆ. ಅವರೆಕಾಯಿಯ ಕಾಲ. ಹಿಂದಿನ ರಾತ್ರಿ ನೆನೆಹಾಕಿದ ಕಾಳನ್ನು ಅಜ್ಜಿ ಜಗಲಿಯ ಮೇಲೆ ಇಟ್ಟುಕೊಂಡು ಹಿತುಕುತ್ತಿದ್ದಳು. ಸುಜಾತ ಕೇಳದೆಯೇ ಪಕ್ಕದಲ್ಲಿ ಕೂತು ಕೈ ಹಾಕಿದಳು. ಹೆಬ್ಬೆರಳಲ್ಲಿ ಒತ್ತಿದರೆ ಕಾಳು ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳಬೇಕು. ಅವಳದು ಒಂದೂ ಹೊರಗೆ ಬೀಳುತ್ತಿರಲಿಲ್ಲ.

"ಏ ಪವಿತ್ರಾ, ನೋಡೇ ಇವಳ ಕೈನ. ನಿಂದೂ ಐತೆ ಕೈ" ಎಂದು ಅಜ್ಜಿ ನನ್ನನ್ನು ಬೈದಳು. ಆಮೇಲೆ ಸುಜಾತಳ ಕಡೆ ತಿರುಗಿ, ಅವಳಿಗೆ ಖುಷಿಯಾದಾಗ ಬರುವ ತೆಲುಗಿನಲ್ಲಿ, "ಏ ಊರಮ್ಮಾ ಮೀದಿ?" ಎಂದು ಕೇಳಿದಳು. ಸುಜಾತ ಊರು ಹೇಳಿದಳು. ಅಜ್ಜಿ ಅಪ್ಪನ ಹೆಸರು ಕೇಳಿದಳು. ಆಮೇಲೆ ಮನೆ ಊರಿನ ಯಾವ ಕಡೆ ಎಂದು ಕೇಳಿದಳು. ಸುಜಾತ ಅದನ್ನೂ ಹೇಳಿದಳು. ಅಜ್ಜಿಯ ಹೆಬ್ಬೆರಳು ನಿಂತಿತು. ಸೊಂಟ ಹಿಡಿದುಕೊಂಡು ಎದ್ದು, ಸುಜಾತ ಹಿತುಕಿದ್ದ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಅಡುಗೆಮನೆ ದಾಟಿ, ಹಿತ್ತಿಲಿಗೆ ಹೋಗಿ, ಎಮ್ಮೆಯ ಕಲಗಚ್ಚಿನ ಬಾನಿಗೆ ಅಷ್ಟೂ ಕಾಳು ಸುರಿದಳು. ಒಂದು ಸೇರಿಗೆ ಕಮ್ಮಿಯಿರಲಿಲ್ಲ.

"ಅಜ್ಜೀ..." ಅಂದೆ.

"ನೀನ್ ಸುಮ್ಕಿರು. ಊಟ ಹಾಕಲ್ಲ ಅಂದ್ನಾ? ಹಾಕ್ತೀನಿ."

ಹಾಕಿದಳು. ಜಗಲಿಯ ಮೇಲೆ, ಪೇಪರ್ ತಟ್ಟೆಯಲ್ಲಿ. ನನಗೂ ಅಲ್ಲೇ ಪೇಪರ್ ತಟ್ಟೆಯಲ್ಲಿ ಹಾಕು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ಕೂತು ಉಂಡೆ. ಆ ದಿನದ ಪುಟ ಹೀಗಿದೆ: "ಹಿತುಕಿದ ಅವರೆ ಸಾರು, ಮುದ್ದೆ. ಸುಜಾತ ಬಂದಿದ್ದಳು. ಊಟ ಚೆನ್ನಾಗಿತ್ತು."

ಜನವರಿಯಲ್ಲಿ ಕಾಲೇಜಿನ ಪ್ರವಾಸ ಗೊತ್ತಾಯಿತು, ಪುದುಚೇರಿಗೆ. ಸುಜಾತಳ ಅಪ್ಪ ಬೇಡ ಅಂದರು. ಅದರ ಹಿಂದೆ ದೊಡ್ಡ ವಿಷಯವೊಂದಿತ್ತು. ಡಿಗ್ರಿ ಮುಗಿದ ಮೇಲೆ ಅವಳನ್ನು ಬೆಂಗಳೂರಿಗೆ ಎಂ.ಎಸ್ಸಿ.ಗೆ ಕಳಿಸುವುದೋ ಬೇಡವೋ ಎಂದು ಅವರ ಮನೆಯಲ್ಲಿ ಆರು ತಿಂಗಳಿಂದ ಮಾತು ನಡೆದಿತ್ತು. ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಹೇಗೆ ಎಂದು ದೊಡ್ಡಪ್ಪಂದಿರು ತಡೆಯುತ್ತಿದ್ದರು. "ಟೂರಿಗೆ ಹೋಗಿ ಸರ್‍ಯಾಗಿ ಬಂದ್ರೆ ಅಪ್ಪನ ಬಾಯಿಗೆ ಒಂದ್ ಮಾತು ಸಿಕ್ಕುತ್ತೆ ಕಣೇ. ನೋಡಿ, ಹೋಗಿ ಬಂದ್ಲಲ್ಲ ಅಂತಾರೆ" ಎಂದು ಸುಜಾತ ನನ್ನನ್ನೇ ಫೋನು ಮಾಡಲು ಕೂರಿಸಿದಳು. ಮಾಡಿದೆ. ನಾನು ಜೊತೆಯಲ್ಲೇ ಇರುತ್ತೇನೆ, ಬಿಡುವುದಿಲ್ಲ ಎಂದೆ. ಪ್ರವಾಸ ಹೊರಡುವ ದಿನ ಅವರು ಕೆಲಸ ಬಿಟ್ಟು ಚಿಕ್ಕಬಳ್ಳಾಪುರಕ್ಕೆ ಬಂದರು. ಬಸ್ಸಿನ ಬಾಗಿಲಲ್ಲಿ ನಿಂತು, "ಪವಿತ್ರಮ್ಮ, ನಿನ್ ಕೈಗೆ ಒಪ್ಪಿಸ್ತಿದೀನಿ ಕಣಮ್ಮ" ಅಂದರು. ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳ ತುದಿಗಳು ಬೆಳ್ಳಗೆ ಸುಲಿದಿದ್ದವು. ಆ ಕೈಗಳನ್ನು ಜೋಡಿಸಿ ನನಗೆ ನಮಸ್ಕಾರ ಮಾಡಿದರು.

ಎರಡು ಬಸ್ಸುಗಳಿದ್ದವು. ನಮ್ಮ ಬಸ್ಸಿನಲ್ಲಿ ಐವತ್ತೆರಡು ಜನ. ಒಬ್ಬೊಬ್ಬರನ್ನೇ ಎಣಿಸುವುದು ತಡವಾಗುತ್ತದೆ ಎಂದು ಬಾಟನಿ ಸಾರ್ ನಮ್ಮನ್ನು ಇಪ್ಪತ್ತಾರು ಜೋಡಿ ಮಾಡಿದ್ದರು. ಅವರು ಜೋಡಿಯ ನಂಬರು ಕೂಗಬೇಕು, ಇಬ್ಬರಲ್ಲಿ ಒಬ್ಬರು "ಇಬ್ರೂ ಇದೀವಿ ಸಾರ್" ಅನ್ನಬೇಕು. ನಾನು ಮತ್ತು ಸುಜಾತ ಹದಿನೇಳು.

ಜನವರಿ ಹತ್ತೊಂಬತ್ತು. ಫ್ರೆಂಚರು ಕಟ್ಟಿದ ಹಳದಿ ಗೋಡೆಯ ಬೀದಿಗಳನ್ನೂ ಕಡಲನ್ನೂ ನೋಡಿಯಾದ ಮೇಲೆ ಕೊನೆಗೆ ಉಳಿದದ್ದು ಚರ್ಚು. ಮೂರೂವರೆಗೆ ಇಳಿದೆವು. ನಾಲ್ಕೂವರೆಗೆ ಬಸ್ಸು ಹೊರಡುತ್ತದೆ ಎಂದರು ಸಾರ್. ಇದನ್ನು ಗಾಥಿಕ್ ಶೈಲಿ ಅನ್ನುತ್ತಾರೆ, ಎಲ್ಲ ಗೆರೆಗಳೂ ಮೇಲಕ್ಕೇ ಹೋಗುತ್ತವೆ ನೋಡಿ ಎಂದೂ ಹೇಳಿದರು. ಕೆಂಪು ಬಿಳುಪಿನ ಎರಡು ಗೋಪುರ. ಒಳಗೆ ಚೂಪು ಕಮಾನುಗಳು ಎದುರೆದುರು ಬಂದು ತುದಿಯಲ್ಲಿ ಕೂಡುತ್ತಿದ್ದವು. ಬಣ್ಣದ ಗಾಜಿನ ಕಿಟಕಿಗಳಲ್ಲಿ ಸಂತರು ನಿಂತಿದ್ದರು. ಸಂಜೆಯ ಬಿಸಿಲು ಅವರ ಮೈಯೊಳಗಿಂದ ಹಾದು ನೆಲದ ಮೇಲೆ ಬೀಳುತ್ತಿತ್ತು.

ಸುಜಾತ ಬಾಗಿಲಲ್ಲೇ ನಿಂತಳು. ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸಿಗೆ ಒಳಗೆ ಹೋಗಬಹುದಾ ಎಂದು ಸನ್ನೆಯಲ್ಲಿ ಕೇಳಿದಳು. ಅವಳು ಪೊರಕೆ ಹಿಡಿದ ಕೈಯಲ್ಲೇ ಒಳಗೆ ತೋರಿಸಿ "ಪೋಮ್ಮಾ" ಅಂದಳು. ಸುಜಾತ ತನ್ನ ಫೋನನ್ನು ನನ್ನ ಕೈಗಿಟ್ಟು, "ನಂದು ನಾಲ್ಕು ಫೋಟೊ ತೆಗಿಯೇ, ಅಪ್ಪನಿಗೆ ತೋರಿಸ್ಬೇಕು" ಎಂದು ನೇರ ನಡೆದು ಹೋಗಿ ಮೊದಲನೇ ಬೆಂಚಿನಲ್ಲಿ ಕೂತಳು. ನಾಲ್ಕು ಫೋಟೊ ತೆಗೆದು, ಫೋನನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಪಕ್ಕದಲ್ಲಿ ಕೂತೆ.

"ಪವೀ, ನೋಡೇ, ನನ್ ಕೈ ಹಸಿರಾಗೈತೆ."

ಕಿಟಕಿಯ ಬಣ್ಣ ಅವಳ ಅಂಗೈ ಮೇಲೆ ಬಿದ್ದಿತ್ತು. ನಾನು ಮೇಲೆ ನೋಡುತ್ತಿದ್ದೆ.

"ಏನ್ ಎಣಿಸ್ತಿದೀಯ?"

"ಕಂಬ. ಇಪ್ಪತ್ನಾಲ್ಕು."

"ಬರ್ಕೊ, ಬರ್ಕೊ. ನೀನ್ ಬರ್ಕೊಳ್ದೆ ಇದ್ರೆ ಬಿದ್ದೋಗ್ತವೆ."

ಇಬ್ಬರೂ ನಕ್ಕೆವು. ಆಮೇಲೆ ಅವಳು, "ಮುಂದಿನ್ ಬೆಂಚಲ್ಲಿ ಕೂತಿದೀನಿ. ಒಬ್ರಾದ್ರೂ ಯಾವೂರು, ಯಾರ ಪೈಕಿ ಅಂತ ಕೇಳಿದ್ರಾ?" ಅಂದಳು.

"ಇಲ್ಲಿ ಯಾರಿಗ್ ಬರುತ್ತೆ ಕನ್ನಡ, ಕೇಳಕ್ಕೆ?"

ಅದಕ್ಕೆ ಅವಳು ನಗಲಿಲ್ಲ. "ನೀನು ಎಲ್ಲಾ ಬರೀತೀಯಲ್ಲ ಪವೀ. ಅವತ್ತು ನಾನು ಹಿತುಕಿದ್ ಕಾಳನ್ನ ನಿಮ್ಮಜ್ಜಿ ಎಮ್ಮೆಗೆ ಹಾಕಿದ್ದು ಬರ್ದಿದೀಯ?"

ಕಂಬಗಳಿಂದ ಕಣ್ಣು ಇಳಿಸಿದೆ. "ನಿಂಗೆ ಯಾರ್ ಹೇಳಿದ್ರು?"

"ಯಾರ್ ಹೇಳ್ಬೇಕು? ಕೈ ತೊಳ್ಯಕ್ಕೆ ಹಿತ್ಲಿಗೆ ಹೋಗಿದ್ದೆ. ಬಾನೀಲಿ ತೇಲ್ತಿದ್ವು. ಬರ್ದಿದೀಯೋ ಇಲ್ವೋ, ಅಷ್ಟು ಹೇಳು."

"ಟೂರಿಗೆ ಬಂದು ಇದೆಲ್ಲ ಯಾಕೆ ಈಗ?"

"ಬರ್ದಿಲ್ಲ ಅಂದಂಗಾಯ್ತು. ಹಂಗಾದ್ರೆ ಡೈರಿ ಅನ್ಬೇಡ ಅದನ್ನ. ಸಾಮಾನ್ ಚೀಟಿ ಅನ್ನು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲ. ಅವಳು ಅಂಗೈಯನ್ನು ಬಿಸಿಲಿನಲ್ಲಿ ಆ ಕಡೆ ಈ ಕಡೆ ತಿರುಗಿಸುತ್ತ, "ನಾನ್ ಇನ್ನೊಂದ್ ಚೂರು ಕೂತಿರ್ತೀನಿ. ಟೈಮ್ ಐತಲ್ಲ" ಅಂದಳು.

ಎದ್ದು ಹೊರಗೆ ಬಂದೆ. ಮೆಟ್ಟಿಲ ಕೆಳಗೆ ಸಾರ್ ಕೈ ತಟ್ಟಿ ಎಲ್ಲರನ್ನೂ ಸೇರಿಸುತ್ತಿದ್ದರು. ದಾರಿ ದೂರ, ಬೇಗ ಹೊರಡೋಣ, ನಾಲ್ಕೂ ಹತ್ತಕ್ಕೇ ಬಸ್ಸು ಬಿಡುತ್ತದೆ ಎಂದರು. ಗಡಿಯಾರ ನೋಡಿದೆ. ನಾಲ್ಕು ಗಂಟೆ ಮೂರು ನಿಮಿಷ. ಒಳಗಿರುವವಳಿಗೆ ನಾಲ್ಕೂವರೆ ಎಂದು ಗೊತ್ತಿತ್ತು. ಹೋಗಿ ಹೇಳಲು ಒಂದು ನಿಮಿಷ ಸಾಕಿತ್ತು. ಬಸ್ಸು ಹತ್ತಿ ಕೂತೆ.

ಮುಂದಿನ ಸೀಟಿನಿಂದ ಭವ್ಯ ತಿರುಗಿದಳು. ನಮ್ಮ ಕಡೆಯವರೇ, ಅವಳ ತಂದೆ ನಮ್ಮಪ್ಪನಿಗೆ ಪರಿಚಯ. "ಎಲ್ಲಮ್ಮ ನಿನ್ ಜೋಡಿ? ಅಲ್ಲೇ ಸಿಸ್ಟರ್ ಆಗ್ಬಿಟ್ಲಾ?" ಅಂದಳು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ.

"ಹದಿನಾರು."

"ಇಬ್ರೂ ಇದೀವಿ ಸಾರ್."

"ಹದಿನೇಳು."

"ಇಬ್ರೂ ಇದೀವಿ ಸಾರ್" ಅಂದೆ. ಸಾರ್ ತಲೆ ಎತ್ತಲಿಲ್ಲ. ಭವ್ಯ ಒಮ್ಮೆ ನನ್ನ ಪಕ್ಕದ ಖಾಲಿ ಸೀಟನ್ನು ನೋಡಿದಳು. ಮುಂದಕ್ಕೆ ತಿರುಗಿ ಕೂತಳು.

ಹತ್ತು ನಿಮಿಷ ಹೆದರಲಿ ಎಂದಷ್ಟೇ ನಾನು ಅಂದುಕೊಂಡದ್ದು. ಬೀದಿ ತಿರುಗುವಾಗ ಹೇಳುತ್ತೇನೆ ಎಂದುಕೊಂಡೆ. ನಾಲ್ಕೂ ಹದಿನಾಲ್ಕಕ್ಕೆ ಬೀದಿ ತಿರುಗಿತು. ಊರು ದಾಟುವಾಗ ಹೇಳುತ್ತೇನೆ ಎಂದುಕೊಂಡೆ. ನಾಲ್ಕೂ ಇಪ್ಪತ್ತೊಂಬತ್ತಕ್ಕೆ ಊರು ದಾಟಿತು. ಅಷ್ಟು ಹೊತ್ತಿಗೆ, ಮೊದಲು ಇದೀವಿ ಅಂದದ್ದು ಯಾಕೆ ಎಂದು ಕೇಳುತ್ತಾರಲ್ಲ ಎಂಬುದೇ ದೊಡ್ಡದಾಗಿತ್ತು. ನಾಲ್ಕೂ ಮೂವತ್ನಾಲ್ಕಕ್ಕೆ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆಮೇಲೆ ನಲವತ್ತೊಂದಕ್ಕೆ. ಆಮೇಲೆ ಐವತ್ತೆರಡಕ್ಕೆ. ಸುಜಾತಳಿಗೆ ಬಾಯಿಪಾಠವಿದ್ದದ್ದು ಮೂರೇ ನಂಬರು: ಅವಳದು, ಅವಳ ಅಪ್ಪನದು, ನನ್ನದು. ಅಪ್ಪನಿಗೆ ಅವಳು ಮಾಡುವಂತಿರಲಿಲ್ಲ.

"ಯಾರೇ ಅದು?" ಎಂದಳು ಭವ್ಯ.

"ಕಂಪನಿಯವರ ಕಾಲ್."

ಮೂರು ಕರೆಗಳನ್ನೂ ಅಳಿಸಿದೆ.

ಐದೂ ಇಪ್ಪತ್ತೈದಕ್ಕೆ ತಿಂಡಿವನಂ ದಾಟಿ ಚಹಾಕ್ಕೆ ನಿಲ್ಲಿಸಿದರು. ಜೋಡಿಗೊಂದು ಪೊಟ್ಟಣ, ಅದರಲ್ಲಿ ನಾಲ್ಕು ವಡೆ. ಸಾರ್ ತಾವೇ ಹಂಚುತ್ತ ಬಂದರು. "ಹದಿನೇಳು, ತಗೊಳ್ಳಮ್ಮ. ಸುಜಾತ ಎಲ್ಲಿ?"

"ಆ ಬಸ್ಸಲ್ಲಿ ಬರ್ತೀನಿ ಅಂದ್ಳು ಸಾರ್."

"ಮತ್ತೆ ಇಬ್ರೂ ಇದೀವಿ ಅಂದೆ?"

"ಹಂಗೇ ಹೇಳು ಅಂದ್ಳು ಸಾರ್."

ನಮ್ಮ ಮುಂದೆ ಹೊರಟಿದ್ದ ಇನ್ನೊಂದು ಬಸ್ಸು ಅಲ್ಲೇ ನಿಂತಿತ್ತು. ಸಾರ್ ಹೋಗಿ ನೋಡಿ ಬಂದರು. ಅವರ ಮುಖ ನೋಡುತ್ತಿದ್ದಾಗಲೇ ನನ್ನ ಬ್ಯಾಗಿನೊಳಗೆ ಸುಜಾತಳ ಫೋನು ರಿಂಗಾಯಿತು. ಎಲ್ಲರೂ ತಿರುಗಿದರು. ಸಾರ್ ಕೈ ಚಾಚಿದರು. ಕೊಟ್ಟೆ. ಚರ್ಚಿನ ಹತ್ತಿರದ ಕ್ರೈಸ್ತ ಸನ್ಯಾಸಿನಿಯರ ಮಠದ ಸಿಸ್ಟರ್ ಒಬ್ಬರು ಆ ಕಡೆಯಿಂದ ಇಂಗ್ಲಿಷಿನಲ್ಲಿ ಮಾತಾಡಿದರು: ಹುಡುಗಿ ನಮ್ಮ ಹತ್ತಿರ ಇದ್ದಾಳೆ, ಯಾರಾದರೂ ಬನ್ನಿ. ಡ್ರೈವರ್ ಬಸ್ಸು ತಿರುಗಿಸುವುದಿಲ್ಲ ಅಂದ. ಒಬ್ಬಳಿಗಾಗಿ ನೂರು ಮಕ್ಕಳನ್ನು ನಿಲ್ಲಿಸಲಾಗುವುದಿಲ್ಲ ಎಂದು ಸಾರ್ ಅಂದರು. ಅಲ್ಲೇ ನನ್ನ ಮುಂದೆಯೇ ಅವಳ ಅಪ್ಪನಿಗೆ ಫೋನು ಮಾಡಿದರು.

"ನಿಮ್ ಹುಡುಗಿ ಹೇಳ್ದೆ ಕೇಳ್ದೆ ಎಲ್ಲೋ ಹೋಗ್ಬಿಟ್ಟಿದಾಳೆ. ನೀವೇ ಬಂದು ಕರ್ಕೊಂಡ್ ಹೋಗಿ."

ಕೈಯಲ್ಲಿದ್ದ ಪೊಟ್ಟಣದಿಂದ ಎರಡು ವಡೆ ತಿಂದೆ. ಇನ್ನೆರಡನ್ನು ಭವ್ಯಳಿಗೆ ಕೊಟ್ಟೆ.

ಅವಳ ಅಪ್ಪ ಶಿಡ್ಲಘಟ್ಟದಿಂದ ಬಸ್ಸು ಬದಲಿಸುತ್ತ ಹೋಗಿ ಮಾರನೆಯ ದಿನ ಅವಳನ್ನು ಕರೆತಂದರು. ಸೋಮವಾರ ಅವಳು ಕಾಲೇಜಿಗೆ ಬರುವಷ್ಟರಲ್ಲಿ ಹೆಸರು ತಯಾರಾಗಿತ್ತು: ಪಾಂಡಿಚೇರಿ. ರಾತ್ರಿ ಎಲ್ಲಿದ್ದಳಂತೆ, ಯಾರ ಜೊತೆಯಂತೆ. ಮಠದ ಹೆಸರು ಹೇಳಿದರೆ ಇನ್ನೂ ನಗುತ್ತಿದ್ದರು.

ಜನವರಿ ಇಪ್ಪತ್ತೈದು, ಶುಕ್ರವಾರ, ಪ್ರಿನ್ಸಿಪಾಲರ ಕೋಣೆ. ಎದುರಿಗೆ ಎರಡು ಕುರ್ಚಿ ಇದ್ದವು. ಒಂದರಲ್ಲಿ ಬಾಟನಿ ಸಾರ್ ಕೂತಿದ್ದರು. ಇನ್ನೊಂದರ ಮೇಲೆ ಹಾಜರಿ ಪುಸ್ತಕಗಳಿದ್ದವು. ಅವನ್ನು ಯಾರೂ ಎತ್ತಲಿಲ್ಲ. ಸುಜಾತಳ ಅಪ್ಪ ಅಷ್ಟು ಹೊತ್ತೂ ನಿಂತೇ ಇದ್ದರು.

"ಸಾರ್, ನನ್ ಹೆಸ್ರಿಗೆ ಇವಳು ಉತ್ತರ ಕೊಟ್ಟಿದಾಳೆ. ನಾನ್ ಹೇಳಿ ಕಳ್ಸಿಲ್ಲ" ಎಂದಳು ಸುಜಾತ.

"ಅವಳ್ಯಾಕಮ್ಮ ಸುಳ್ಳು ಹೇಳ್ತಾಳೆ?" ಅಂದರು ಪ್ರಿನ್ಸಿಪಾಲರು.

"ನಾನೂ ಇವಳಿಗೋಸ್ಕರ ಹೇಳಿದೀನಿ ಸಾರ್, ಕ್ಲಾಸಲ್ಲಿ. ಮೂವತ್ತೊಂದ್ ಸಲ. ಇವಳ ಡೈರೀಲೇ ಐತೆ, ತರಿಸಿ ನೋಡಿ. ಇವಳು ಡೈರೀಲಿ ಸುಳ್ಳು ಬರ್‍ಯಲ್ಲ."

ಅದು ಅವಳು ನನ್ನ ಬಗ್ಗೆ ಹೇ‍ಳಿದ ಕೊನೆಯ ಒಳ್ಳೆಯ ಮಾತು. ಹಳೆಯ ವರ್ಷದ ಡೈರಿ ಸೋಮವಾರ ತಾ ಎಂದರು ಪ್ರಿನ್ಸಿಪಾಲರು.

ಜನವರಿ ಕೊನೆಯಲ್ಲಿ ಹಳೆಯ ವರ್ಷದ ಡೈರಿಗಳನ್ನು ಪುಸ್ತಕದ ಅಂಗಡಿಗಳಲ್ಲಿ ರಟ್ಟಿನ ಡಬ್ಬಿಗೆ ತುಂಬಿ ಮೂಲೆಯಲ್ಲಿ ಇಟ್ಟಿರುತ್ತಾರೆ. ಚಿಕ್ಕಬಳ್ಳಾಪುರದ ಬಸ್‌ಸ್ಟಾಂಡಿನ ಹತ್ತಿರ ಮೂರನೆಯ ಅಂಗಡಿಯಲ್ಲಿ ನನ್ನದೇ ಬಣ್ಣದ್ದು ಸಿಕ್ಕಿತು. ಶನಿವಾರ, ಭಾನುವಾರ, ತಾರಸಿಯ ಬಿಸಿಲಿನಲ್ಲಿ ಕೂತು ಇಡೀ ವರ್ಷವನ್ನು ಮತ್ತೆ ಬರೆದೆ. ಎರಡು ಬೇರೆ ಪೆನ್ನು ಬಳಸಿದೆ. ಮಾರ್ಚಿನ ಒಂದು ಪುಟಕ್ಕೂ ಅಕ್ಟೋಬರಿನ ಎರಡು ಪುಟಕ್ಕೂ ಚಹಾದ ಕಲೆ ಮಾಡಿದೆ. ಒಂದೊಂದು ದಿನ ಮಳೆ ಬಂದದ್ದು, ಬಸ್ಸು ಎಷ್ಟು ಹೊತ್ತಿಗೆ ಬಂತೆಂಬುದು, ಯಾವ ಪಾಠ, ಎಲ್ಲವೂ ಇದ್ದ ಹಾಗೇ ಇಳಿಸಿದೆ. 'ಸು' ಮಾತ್ರ ಎಲ್ಲಿಯೂ ಇಲ್ಲ. ಡಿಸೆಂಬರ್ ಇಪ್ಪತ್ತಮೂರಕ್ಕೆ ಬಂದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ಬರೆದೆ: ಊಟ ಚೆನ್ನಾಗಿತ್ತು.

ಪ್ರಿನ್ಸಿಪಾಲರು ಅದನ್ನು ನೋಡಿದ್ದು ಒಂದು ನಿಮಿಷವೂ ಇಲ್ಲ. ಹೆಬ್ಬೆರಳಲ್ಲಿ ಪುಟಗಳನ್ನು ಸರ್ರನೆ ಬಿಟ್ಟು, "ಎಷ್ಟ್ ನೀಟಾಗಿ ಬರೀತೀಯಮ್ಮ" ಅಂದರು. ಸುಜಾತ ಕೈಗೆ ತೆಗೆದುಕೊಂಡು ಜುಲೈ ಒಂಬತ್ತರ ಪುಟ ತೆಗೆದಳು. ಮೂಲೆ ನೋಡಿದಳು. ಇನ್ನೊಂದು ಪುಟ ತೆಗೆದಳು. ಮುಚ್ಚಿ, ಎರಡೂ ಕೈಯಲ್ಲಿ ನನಗೆ ವಾಪಸು ಕೊಟ್ಟಳು.

ಕಾಲೇಜು ಸುಜಾತಳ ಹೆಸರಿನಲ್ಲಿ ಒಂದು ಕಾಗದ ತಯಾರು ಮಾಡಿತು: ಅಪ್ಪಣೆಯಿಲ್ಲದೆ ಗುಂಪು ಬಿಟ್ಟು ಹೋಗಿದ್ದು ನನ್ನ ತಪ್ಪು, ಸಹಪಾಠಿಯ ಮೇಲೆ ಸುಳ್ಳು ಹೇಳಿದ್ದು ನನ್ನ ತಪ್ಪು. ಇದಕ್ಕೆ ಸಹಿ ಹಾಕಿದರೆ ಪರೀಕ್ಷೆಗೆ ಬಿಡುತ್ತೇವೆ, ಇಲ್ಲದಿದ್ದರೆ ಹಾಲ್‌ಟಿಕೆಟ್ ಇಲ್ಲ ಎಂದರು. ಅವಳ ಅಪ್ಪ ಪೆನ್ನು ತೆಗೆದು ಅವಳ ಕೈಯಲ್ಲಿಟ್ಟರು.

"ಹಾಕಮ್ಮ ಸೈನು. ಒಂದ್ ಸೈನಿಂದ ಏನಾಗುತ್ತೆ?"

"ಆಗುತ್ತಪ್ಪ. ಇವ್ರು ಬಿಟ್ ಬಂದಿದ್ದು, ನಾನೇ ಹೋಗಿದ್ದು ಅಂತ ಆಗುತ್ತೆ."

"ನಾಲ್ಕು ತಿಂಗ್ಳು ತಡ್ಕೊಂಡ್ರೆ ಮುಗೀತಲ್ಲಮ್ಮ. ಎಮ್ಮೆಸ್ಸಿ ಬೇಡ್ವಾ ನಿಂಗೆ?"

ಅವಳು ಪೆನ್ನನ್ನು ಅಪ್ಪನ ಜೇಬಿಗೆ ಸಿಕ್ಕಿಸಿದಳು. ಅವರು ನನ್ನ ಕಡೆ ತಿರುಗಿದರು. ಅವರಿಗೆ ಇನ್ನೂ ನನ್ನ ಮೇಲೆ ಅನುಮಾನವೇ ಇರಲಿಲ್ಲ. "ಪವಿತ್ರಮ್ಮ, ನೀನಾದ್ರೂ ಹೇಳಮ್ಮ ಇವಳಿಗೆ. ನಿನ್ ಮಾತು ಕೇಳ್ತಾಳೆ" ಅಂದರು. ನಾನು ಹೇಳಿದೆ. "ಹಾಕ್ಬಿಡೇ ಸುಜಾತ" ಅಂದೆ. ಇದನ್ನು ಹೊಸ ವರ್ಷದ ಡೈರಿಯಲ್ಲಿ ಬರೆಯಲಿಲ್ಲ.

ಫೆಬ್ರವರಿ ಆರರಂದು, ಒಂದೇ ದಿನ, ಅವಳನ್ನು ಪಾಂಡಿಚೇರಿ ಎಂದು ಕರೆದದ್ದನ್ನು ಹನ್ನೊಂದು ಸಲ ಕೇಳಿಸಿಕೊಂಡೆ. ಏಳರಂದು ಅವಳು ಹಾಸ್ಟೆಲ್ ಬಿಟ್ಟಳು. ಆ ದಿನ ಬಾಟನಿ ಸಾರ್ ನಲವತ್ತೊಂದು ಎಂದು ಕೂಗಿದಾಗ ಯಾರೂ ಉತ್ತರ ಕೊಡಲಿಲ್ಲ. ಮೇ ತಿಂಗಳಲ್ಲಿ ಪರೀಕ್ಷೆ. ಫಲಿತಾಂಶ ಬಂದಾಗ ಕಾಲೇಜಿಗೆ ನಾನು ಮೊದಲು. ಎರಡನೆಯವಳಿಗೂ ನನಗೂ ಇಪ್ಪತ್ತೆರಡು ಅಂಕದ ವ್ಯತ್ಯಾಸ. ಅಜ್ಜಿ ಬೀದಿಗೆಲ್ಲ ಮೈಸೂರುಪಾಕು ಹಂಚಿದಳು.

ಸುಜಾತಳನ್ನು ಮತ್ತೆ ನೋಡಿದ್ದು ಹೋದ ವರ್ಷ, ನವೆಂಬರ್ ಹದಿನಾಲ್ಕರಂದು, ಸಂಜೆ ಐದಕ್ಕೆ. ಶಿಕ್ಷಕರ ತರಬೇತಿಗೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರೆ ಎಡಗಡೆ ಮೂರನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ಅವಳು. ಪಕ್ಕದ ಸೀಟೊಂದೇ ಖಾಲಿಯಿತ್ತು. ಕೂತೆ. ಫಿಲೇಚರಿನ ವಾಸನೆ, ಬೆಂದ ರೇಷ್ಮೆಹುಳುವಿನದು, ಅವಳ ಸೀರೆಯಲ್ಲಿತ್ತು. ಬೆರಳ ತುದಿಗಳು ಅವಳ ಅಪ್ಪನದರಂತೆಯೇ ಬೆಳ್ಳಗೆ ಸುಲಿದಿದ್ದವು.

ಅವಳು ನನ್ನನ್ನು ಒಮ್ಮೆ ನೋಡಿದಳು. ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಟೀಚರ್ ಆದ್ಯಂತೆ."

"ಹೂಂ. ಅಪ್ಪ ಹೇಗಿದಾರೆ?"

"ಹೋಗ್ಬಿಟ್ರು. ಮೂರ್ ವರ್ಷ ಆಯ್ತು. ಅವ್ರು ಕೂರ್ತಿದ್ದ ಜಾಗ್ದಲ್ಲೇ ಈಗ ನಾನು." ಕಿಟಕಿಯ ಕಡೆ ಮುಖ ತಿರುಗಿಸಿ, "ಇನ್ನೂ ಬರೀತೀಯ?" ಎಂದಳು.

"ಬರೀತೀನಿ."

"ಅವರೆಕಾಳಿಂದು ಬರ್ದ್ಯಾ?"

"ಬರ್ದೆ ಸುಜಾತ. ಎಲ್ಲಾ ಬರ್ದಿದೀನಿ. ಬಸ್ಸಿಂದೂ, ಡೈರಿದೂ. ಆಮೇಲೆ..." ಏಳು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನು ತೆಗೆಯಲು ಬಾಯಿ ಬಿಟ್ಟೆ. ಅವಳು ಕೈ ಎತ್ತಿ ತಡೆದಳು.

"ಬೇಡ. ನೀನು ಈಗ ಏನೋ ಹೇಳ್ತೀಯ. ನಾನು ಆಯ್ತು ಬಿಡು ಅಂತೀನಿ. ಮನೇಗ್ ಹೋಗಿ ಅದನ್ನೂ ಬರ್ಕೊತೀಯ. ಬರ್ಕೊಂಡು ನಿದ್ದೆ ಮಾಡ್ತೀಯ." ಅವಳ ಮಾತಿನಲ್ಲಿ ಆಗಲೂ ಸಿಟ್ಟಿರಲಿಲ್ಲ. "ನಾನ್ ಹೇಳಲ್ಲ ಪವಿತ್ರಾ. ಆ ಪುಟ ಖಾಲಿ ಇರ್ಲಿ."

ಪವೀ ಅನ್ನದೆ ಅವಳು ನನ್ನನ್ನು ಕರೆದದ್ದು ಅದೇ ಮೊದಲು.

ಕಂಡಕ್ಟರ್ ಸಾಲು ಸಾಲು ಟಿಕೆಟ್ ಹರಿಯುತ್ತ ಬಂದ. ನಮ್ಮಿಬ್ಬರನ್ನೂ ನೋಡಿ, ಹೆಂಗಸರ ಟಿಕೆಟ್ಟಿಗೆ ಬೆರಳು ಹಾಕಿ, "ಇಬ್ರೂ ಜೊತೇನಾ?" ಎಂದು ಕೇಳಿದ. ಅಭ್ಯಾಸಬಲದಿಂದ ನನ್ನ ಬಾಯಿ ತೆರೆಯಿತು. ಅಷ್ಟರಲ್ಲಿ ಸುಜಾತ ಕಿಟಕಿಯ ಕಡೆಯಿಂದ ಮುಖ ತಿರುಗಿಸದೆ, ಕ್ಲಾಸಿನಲ್ಲಿ ತನ್ನ ನಂಬರಿಗೆ ಹೇಳುತ್ತಿದ್ದ ಅದೇ ಗಟ್ಟಿ ದನಿಯಲ್ಲಿ ಹೇಳಿದಳು:

"ಅಲ್ಲ ಸಾರ್. ನಾನೊಬ್ಳೇ."